ದಿಬ್ಬಣಕ್ಕೆ ದಾರಿ ಬಿಡಿ

ನನ್ನ ಮದುವೆಯ ದಿನ ನಮ್ಮ ಕರಾವಳಿ ಪೂರ್ತಿ ಬಂದ್. ಹಿಂದಿನ ದಿನ ಸಂಜೆ ಯಾರೋ ಕರೆ ಕೊಟ್ಟರು, ಬೆಳಗಾಗುವಷ್ಟರಲ್ಲಿ ರಸ್ತೆಯ ಮೇಲೆ ಕಲ್ಲು, ಟಯರು, ಮರದ ಗೆಲ್ಲು. ಕಾರ್ಕಳದಿಂದ ಉಡುಪಿಯ ಮದುವೆ ಹಾಲಿಗೆ ಹೊರಟ ನಮ್ಮ ಕಾರಿನ ಗಾಜಿಗೆ ಅಪ್ಪ ಕೆಂಪು ಪೆನ್ನಿನಲ್ಲಿ ‘ಮದುವೆ ದಿಬ್ಬಣ’ ಎಂದು ಬರೆದ ಹಾಳೆ ಅಂಟಿಸಿದ್ದರು. ಪ್ರತಿ ಜಂಕ್ಷನ್ನಿನಲ್ಲಿ ಒಬ್ಬ ಬಗ್ಗಿ ಒಳಗೆ ನೋಡುವುದು, ನನ್ನ ತಲೆಯ ಮಲ್ಲಿಗೆ ಕಂಡ ಕೂಡಲೇ “ಮದ್ಮಗಳು ಮಾರಾಯ, ಬಿಡಿ ಬಿಡಿ” ಎನ್ನುವುದು. ನಮ್ಮೂರಿನ ಬಂದ್‌ಗೆ ಅಷ್ಟು ಮರ್ಯಾದೆ ಇದೆ. ಹಾಲಿನ ವ್ಯಾನು, ಪೇಪರಿನ ಗಾಡಿ, ಆಂಬುಲೆನ್ಸು, ದಿಬ್ಬಣ, ಇಷ್ಟನ್ನು ತಡೆಯುವುದಿಲ್ಲ.

ಆದರೆ ನೆಂಟರ ಬಸ್ಸುಗಳು ಶೆಡ್ಡಿನಿಂದಲೇ ಹೊರಡಲಿಲ್ಲ. ನಾನೂರು ಎಲೆಯ ಅಂದಾಜಿನ ಊಟಕ್ಕೆ ಕೂತವರು ಅರವತ್ತು ಜನ. ಉಳಿದ ಹೋಳಿಗೆಯನ್ನು ನಮಗೆ ದಾರಿ ಬಿಟ್ಟ ಹುಡುಗರೇ ಬಂದು ತಿಂದು ಹೋದರಂತೆ. ನನ್ನ ಆಲ್ಬಮ್ಮಿನಲ್ಲಿ ಮನುಷ್ಯರಿಗಿಂತ ಕುರ್ಚಿಗಳೇ ಹೆಚ್ಚು. ಮದುವೆಯಾಗಿ ಹತ್ತೊಂಬತ್ತನೇ ದಿನಕ್ಕೆ ಗಂಡ ಸೌದಿಗೆ ಹಾರಿದರು.

ಆಮೇಲೆ ಎಂಟು ವರ್ಷ, ಅವರು ರಜೆಗೆ ಬಂದುಹೋದ ದಿನಗಳನ್ನು ಬಿಟ್ಟರೆ, ನಾವು ಫೋನಿನಲ್ಲಿ ಸಂಸಾರ ಮಾಡಿದೆವು. ಸಂಸಾರವೇನು ಬಂತು, ಬರೀ ಜಗಳ. ನಾನು ಓದಿದ್ದು ನರ್ಸಿಂಗ್. ಹಟ ಹಿಡಿದು ಪರೀಕ್ಷೆ ಬರೆದು, ಕೊನೆಗೆ ಸೌದಿಯ ಖತೀಫ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದೆ. ಅವಳು ಅಪ್ಪ ಎಂದರೆ ಫೋನು ಎಂದೇ ತಿಳಿದಿದ್ದಳು. ಈಗ ಹನ್ನೊಂದು ವರ್ಷವಾಯಿತು, ಆದರೂ ವಿಮಾನ ನಿಲ್ದಾಣದಲ್ಲಿ ಗಂಡನನ್ನು ಬೇರೆ ಸಾಲಿನಲ್ಲಿ ನಿಲ್ಲಲು ನಾನು ಬಿಡುವುದಿಲ್ಲ. ಜನ ನಗಲಿ.

ನಮ್ಮವರು ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತಾರೆ. ಪಂಪು ಬಿಟ್ಟರೆ ಅವರಿಗೆ ಇಷ್ಟದ ವಿಷಯ ಬಂದ್. ಬಂದ್ ದಿನ ಮಂಗಳೂರಿಗೆ ಹೇಗೆ ಹೋದದ್ದು, ಯಾವ ಒಳದಾರಿ, ಯಾರಿಗೆ ಏನು ಹೇಳಿ ದಾಟಿದ್ದು, ಎಲ್ಲವನ್ನೂ ಮಗಳಿಗೆ ಕತೆ ಮಾಡಿ ಹೇಳುತ್ತಿದ್ದರು. ಅವಳು ಬೆಳೆದ ಊರಿನಲ್ಲಿ ರಸ್ತೆಗೆ ಮರಳು ಅಡ್ಡ ಬರಬಹುದು, ಒಂಟೆ ಅಡ್ಡ ಬರಬಹುದು, ಜನ ಬರುವುದಿಲ್ಲ. “ಪೀಪಲ್ ಜಸ್ಟ್ ಸಿಟ್ ಆನ್ ದ ರೋಡ್?” ಎಂದು ಕಣ್ಣರಳಿಸುತ್ತಿದ್ದಳು.

ಕಳೆದ ಚಳಿಗಾಲದ ರಜೆಯಲ್ಲಿ ಕಾರಿನಲ್ಲೇ ಜೋರ್ಡಾನಿಗೆ ಹೋದೆವು. ಡಿಕ್ಕಿಯಲ್ಲಿ ಒಣ ರೊಟ್ಟಿ, ಬಂಗುಡೆ ಉಪ್ಪಿನಕಾಯಿ, ಅಕ್ಕಿ, ಕುಕ್ಕರು. ಹೊರಡುವ ಮೊದಲೇ ಎಕ್ಸಿಟ್ ರೀ-ಎಂಟ್ರಿ ಆಗಿತ್ತು. ದೇಶದಿಂದ ಹೊರಗೆ ಹೋಗಿ ಮರಳಿ ಬರಲು ಕೊಡುವ ಅನುಮತಿ ಅದು. ಗಂಡನದಕ್ಕೂ ಮಗಳದಕ್ಕೂ ಇನ್ನೂ ತಿಂಗಳು ಬಾಕಿ ಇತ್ತು. ನನ್ನದು ಮಾತ್ರ ರಜೆಗೆ ಸರಿಯಾಗಿ ಹತ್ತೇ ದಿನ, ಒಂದು ದಿನ ಹೆಚ್ಚಿಲ್ಲ. ಆ ದಿನ ದಾಟಿದರೆ ‘ಹೋದವಳು ಬರಲಿಲ್ಲ’ ಎಂದು ದಾಖಲಾಗುತ್ತದೆ. ಆಮೇಲೆ ಇಕಾಮಾ ಇಲ್ಲ, ಎಂದರೆ ಇಲ್ಲಿ ಇರುವ ಹಕ್ಕೇ ಇಲ್ಲ. ಕೆಲಸವೂ ಇಲ್ಲ, ಮತ್ತೆ ಎಂದು ಬರಬಹುದೆಂದು ಹೇಳುವವರೂ ಇಲ್ಲ. ಅವರಿಬ್ಬರು ಈ ಕಡೆ, ನಾನು ಆ ಕಡೆ.

ಒಂದು ದಿನ ಮೊದಲೇ ವಾಪಸಾಗೋಣ ಎಂದು ನಾನು ಬಡಿದುಕೊಂಡೆ. ಪೆಟ್ರಾದ ಕೆಂಪು ಬಂಡೆಗಳ ಎದುರು ರೇಷ್ಮೆ ಸೀರೆಯುಟ್ಟ ನನ್ನ ಫೋಟೋ ತೆಗೆಯುವುದು ಬಾಕಿ ಎಂದು ಇವರು ಕೇಳಲಿಲ್ಲ. “ಅಲ್ಲಿಂದ ಬಾರ್ಡರಿಗೆ ಎರಡೂವರೆ ಗಂಟೆ ಮಾರಾಯ್ತಿ, ಎಂತ ಹೆದರ್ತಿ?” ನಾನೂ ಸೋತೆ. ಚಂದ ಕಾಣುವ ಆಸೆ ನನಗೂ ಇತ್ತಲ್ಲ.

ಕೊನೆಯ ದಿನ ಬೆಳಗ್ಗೆ ಹೊರಟು ಹೆದ್ದಾರಿಗೆ ಇಳಿದು ಒಂದು ಗಂಟೆಯೂ ಆಗಿರಲಿಲ್ಲ, ಮುಂದೆ ಕಪ್ಪು ಹೊಗೆ. ರಸ್ತೆಗೆ ಅಡ್ಡಲಾಗಿ ಲಾರಿಗಳು. ಡೀಸೆಲ್ ಬೆಲೆ ಏರಿದ್ದಕ್ಕೆ ಲಾರಿ ಚಾಲಕರ ಮುಷ್ಕರ ಎಂದು ಪಕ್ಕದ ಪೆಟ್ರೋಲ್ ಬಂಕಿನವನು ಹೇಳಿದ. ಒಳದಾರಿ ಇದೆಯೇ ಎಂದು ಇವರು ಕೇಳಿದರು. ಸುತ್ತಲೂ ಬರೀ ಕಲ್ಲುಗುಡ್ಡ, ಒಳದಾರಿ ಎಲ್ಲಿಂದ ಬರಬೇಕು? ಹನ್ನೊಂದಾಯಿತು, ಹನ್ನೆರಡಾಯಿತು, ಒಂದಾಯಿತು. ಬಾಡಿಗೆ ಕಾರಿನ ಪ್ರವಾಸಿಗಳು ಒಬ್ಬೊಬ್ಬರೇ ತಿರುಗಿಸಿಕೊಂಡು ಹೋದರು. ಅವರಿಗೇನು, ಇನ್ನೊಂದು ದಿನ ಹೋಟೆಲಿನಲ್ಲಿ ಮಲಗಿದರಾಯಿತು. ನಾನು ಗಂಡನಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಆ ಎಂಟು ವರ್ಷ ಮತ್ತೆ ಬಂದು ಕಾರಿನಲ್ಲಿ ನನ್ನ ಪಕ್ಕ ಕೂತ ಹಾಗಾಯಿತು.

ಆಗ ಇವರು ತೊಡೆ ತಟ್ಟಿದರು. “ಆ ಸೀರೆ ಎಲ್ಲುಂಟು? ಉಡು. ದಿಬ್ಬಣ ಮಾಡುವ.”

“ತಲೆ ಸರಿ ಉಂಟಾ ನಿಮಗೆ?”

“ಬಂದ್ ಎಲ್ಲ ಊರಲ್ಲಿಯೂ ಒಂದೇ ಮಾರಾಯ್ತಿ. ದಿಬ್ಬಣವನ್ನು ಯಾರೂ ತಡೆಯುದಿಲ್ಲ. ಅವತ್ತು ನಿನ್ನನ್ನು ಬಿಡ್ಲಿಲ್ವಾ?”

ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಕಾಲಿಡಲು ಜಾಗವಿಲ್ಲದ ಕಡೆ ಜರಿ ಸೀರೆ ಉಟ್ಟೆ. ಬೇಲಿಯಲ್ಲಿ ಕಾಗದದ ಹೂ ಇತ್ತು. ಮಗಳು ಕಿತ್ತು ನನ್ನ ತಲೆಗೂ ಕಾರಿನ ಮುಂದಕ್ಕೂ ಸಿಕ್ಕಿಸಿದಳು. ಶಾಲೆಯಲ್ಲಿ ಅರಬ್ಬಿ ಕಲಿತವಳು ಅವಳೊಬ್ಬಳೇ. ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು, ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ‘ಮದುವೆ’ ಎಂದು ಅರಬ್ಬಿಯಲ್ಲಿ ಬರೆದಳು. ಇವರು ಅದನ್ನು ಗಾಜಿನ ಹೊರಗೆ ಟೇಪು ಹಚ್ಚಿ ಅಂಟಿಸಿದರು.

“ವೆಯ್ಟ್,” ಎಂದಳು ಮಗಳು. “ನಿಮ್ಗೆ ಇವತ್ತು ಮದುವೆ ಅಂದ್ರೆ, ನಾನು ಯಾರು?”

ಇವರು ಟೇಪು ಒತ್ತುತ್ತಲೇ ಹೇಳಿದರು, “ನೀನು ದಿಬ್ಬಣದವಳು.”

ಲಾರಿಗಳ ಹತ್ತಿರ ಹೋದೆವು. ತಲೆಗೆ ಕೆಂಪು ಚೌಕುಳಿಯ ವಸ್ತ್ರ ಸುತ್ತಿದ ಮುದುಕರೊಬ್ಬರು ಹಾಳೆ ಓದಿ, ಬಗ್ಗಿ ಒಳಗೆ ನೋಡಿದರು. ನೆರೆತ ಮೀಸೆಯ ಮದುಮಗ, ಕನ್ನಡಕದ ಮದುಮಗಳು. ಮುದುಕರು ಹಿಂದೆ ತಿರುಗಿ ಏನೋ ಕೂಗಿದರು. ದಾರಿ ಬಿಡುತ್ತಾರೆ ಎಂದುಕೊಂಡೆ. ಇಲ್ಲ, ಎಲ್ಲರೂ ನಮ್ಮ ಕಡೆಗೇ ಓಡಿಬಂದರು!

ನಮ್ಮಲ್ಲಿ ದಿಬ್ಬಣ ಕಂಡರೆ ಸರಿದು ದಾರಿ ಬಿಡುವುದು ಮರ್ಯಾದೆ. ಅಲ್ಲಿ ದಿಬ್ಬಣ ಕಂಡೂ ಸುಮ್ಮನೆ ಬಿಟ್ಟರೆ ಅವಮರ್ಯಾದೆ. ಇದು ನಮ್ಮ ಬಂದ್ ಪಂಡಿತರಿಗೆ ಹೇಗೆ ಗೊತ್ತಿರಬೇಕು? ಬಾಗಿಲು ತೆಗೆದು ಇವರನ್ನು ಎಳೆದೇಬಿಟ್ಟರು. ಒಬ್ಬರು ಲಾರಿಯ ಬಾಗಿಲನ್ನೇ ಬಡಿದು ತಾಳ ಹಾಕಿದರು, ಉಳಿದವರು ಕೈ ಕೈ ಹಿಡಿದು ಸಾಲಾಗಿ ಕುಣಿದರು, ನಡುವೆ ನಮ್ಮವರು ಎಡಗಾಲು ಎತ್ತಬೇಕಾದಲ್ಲಿ ಬಲಗಾಲು ಎತ್ತುತ್ತಾ. ನನಗೂ ಮಗಳಿಗೂ ಒಂದು ಲಾರಿಯ ಪಕ್ಕ ಚಾಪೆ ಹಾಕಿ ಕೂರಿಸಿ, ಯಾವುದೋ ಎಲೆ ಹಾಕಿದ ಕಪ್ಪು ಚಹಾ ಕೊಟ್ಟರು. ಖರ್ಜೂರ ಕೊಟ್ಟರು. ಮತ್ತೆ ಚಹಾ. ಎರಡೂವರೆಯಾಯಿತು. ಚಳಿಗಾಲದ ಬಿಸಿಲು ಗುಡ್ಡದ ಕಡೆ ವಾಲಿತು. ಆ ಜನ ಅಷ್ಟು ಪ್ರೀತಿಯಿಂದ ನಮ್ಮನ್ನು ಹಿಡಿದಿಟ್ಟುಕೊಂಡಿದ್ದರು, ಬಿಡಿ ಎಂದು ಯಾವ ಬಾಯಲ್ಲಿ ಹೇಳುವುದು?

ಮೂರನೇ ಲೋಟ ಕೈಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ತಾಳ ನಿಂತಿತು. ನನ್ನ ಅರಬ್ಬಿ ವಾರ್ಡಿನ ಅರಬ್ಬಿ, ಎಲ್ಲಿ ನೋವು, ಉಸಿರು ಎಳೆಯಿರಿ, ಹೆದರಬೇಡಿ, ಇಷ್ಟೇ. ಅದರಲ್ಲೇ ಮುದುಕರಿಗೆ ಹೇಳಿದೆ, ಬಾಕಿಯನ್ನು ಮಗಳು ತುಂಬಿದಳು. ಇದು ಸುಳ್ಳು ಮದುವೆ. ಇವಳು ನಮ್ಮ ಮಗಳು. ನಾನು ಖತೀಫ್‌ನಲ್ಲಿ ನರ್ಸು. ನನ್ನ ಕಾಗದ ಇವತ್ತಿಗೆ ಮುಗಿಯುತ್ತದೆ. ಈಗಾಗಲೇ ಎಂಟು ವರ್ಷ ಬೇರೆ ಇದ್ದೆವು, ಇನ್ನು ನನ್ನಿಂದ ಆಗುವುದಿಲ್ಲ. ಫೋನಿನಲ್ಲಿದ್ದ ಅನುಮತಿ ಪತ್ರವನ್ನೂ ತೋರಿಸಿದೆ.

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಮುದುಕರು ಕಣ್ಣು ಕಿರಿದು ಮಾಡಿ ದಿನಾಂಕ ಓದಿದರು. ತಮ್ಮ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಬಿಡಿಸಿ ನನ್ನ ಮಡಿಲಲ್ಲಿಟ್ಟರು. ಪುಟ ಪುಟವೂ ಸೌದಿಯ ಮುದ್ರೆ. ಇಪ್ಪತ್ತು ವರ್ಷದಿಂದ ದಮ್ಮಾಮಿಗೆ ಟೊಮೆಟೊ ಸಾಗಿಸುತ್ತಿದ್ದರಂತೆ.

“ಇಷ್ಟು ದೊಡ್ಡ ಮಗಳನ್ನು ಕಟ್ಟಿಕೊಂಡು ಯಾರು ಮದುವೆಗೆ ಹೊರಡುತ್ತಾರೆ ತಂಗಿ? ನೋಡಿದ ಕೂಡಲೇ ಗೊತ್ತಾಯಿತು,” ಎಂದರು. “ದಿನವೆಲ್ಲ ಹೊಗೆ ಕುಡಿದು ಬೇಸತ್ತಿದ್ದೆವು. ಸುಳ್ಳಾದರೂ ಸರಿ, ಒಂದು ಮದುವೆ ಬಂತಲ್ಲ ಎಂದು ಕುಣಿದೆವು. ಕಾಗದ ಮುಗಿಯುತ್ತದೆ ಎಂದು ಮೊದಲೇ ಹೇಳಬಾರದಿತ್ತಾ? ಲಾರಿಯವರ ಹತ್ತಿರ ಅದನ್ನು ಹೇಳಲು ಸೀರೆ ಉಡಬೇಕಾ?”

ಒಬ್ಬರು ಓಡಿ ಲಾರಿಯೊಂದನ್ನು ಹಿಂದೆ ಸರಿಸಿದರು. ಕಾರು ಹೋಗುವಷ್ಟೇ ಜಾಗ. ಮುಂದಿನ ಎರಡು ತಡೆಗಳಿಗೂ ಮುದುಕರು ಫೋನು ಮಾಡಿದರು. ಅಲ್ಲಿ ನಾವು ಬರುವ ಮೊದಲೇ ದಾರಿ ತೆರೆದಿತ್ತು, ಎರಡೂ ಬದಿ ಚಾಲಕರು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಎಷ್ಟು ಜನ ಇದ್ದರೋ ನಾನು ಎಣಿಸಲಿಲ್ಲ. ಅರವತ್ತಕ್ಕಿಂತ ಖಂಡಿತ ಹೆಚ್ಚು.

ಸೂರ್ಯ ಮುಳುಗುವ ಹೊತ್ತಿಗೆ ಸೌದಿ ಗಡಿಯಲ್ಲಿ ನನ್ನ ಬೆರಳಚ್ಚು ಒತ್ತಿಸಿಕೊಂಡರು. ಅಧಿಕಾರಿ ಪರದೆ ನೋಡಿ, ಸೀರೆ ನೋಡಿ, ಕಾರಿನ ಗಾಜು ನೋಡಿ “ಮಬ್ರೂಕ್” ಎಂದ. ಅಭಿನಂದನೆ ಎಂದರ್ಥ. ಒಳಗೆ ಬಂದೆನಲ್ಲ, ಅಷ್ಟೇ ಸಾಕು ಎಂದು ತಲೆಯಾಡಿಸಿದೆ.

ಮುಂದೆ ಸಮುದ್ರದ ಬದಿಯ ರಸ್ತೆ. ಎದುರು ಬಂದ ವ್ಯಾನೊಂದು ಉದ್ದಕ್ಕೆ ಹಾರ್ನ್ ಹಾಕಿತು, ಒಳಗಿದ್ದ ಹೆಂಗಸರು ಕೈ ಬೀಸಿದರು. ಮತ್ತೊಂದು ಕಾರು, ಮತ್ತೊಂದು. ಗಾಜಿನ ಮೇಲಿನ ಹಾಳೆಯ ನೆನಪಾಗಿ ಇವರು ಗಾಡಿ ನಿಲ್ಲಿಸಿದರು, ಇಳಿದು ಹೋಗಿ ಟೇಪಿನ ಒಂದು ಮೂಲೆ ಎಬ್ಬಿಸಿದರು.

“ತೆಗಿಬೇಡಿ,” ಎಂದೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ.

“ಖತೀಫಿಗೆ ಇನ್ನೂ ಒಂದೂವರೆ ಸಾವಿರ ಕಿಲೋಮೀಟರ್ ಉಂಟು ಮಾರಾಯ್ತಿ. ಎಲ್ರೂ ಹಾರ್ನ್ ಹಾಕ್ತಾರೆ.”

“ಹಾಕ್ಲಿ. ಅವತ್ತು ಮದುವೆಯಾಗಿ ನಿಮ್ಮ ಹಿಂದೆ ಇಲ್ಲಿಗೆ ಬರ್ಲಿಕ್ಕೆ ನಂಗೆ ಎಂಟು ವರ್ಷ ಹಿಡೀತು. ಈ ಸಲ ಮದುವೆ ದಿನವೇ ಬಂದಿದ್ದೇನೆ. ಮನೆ ಮುಟ್ಟುವವರೆಗೆ ಇರ್ಲಿ.”

ಇವರು ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮತ್ತೆ ಅಂಟಿಸಿದರು.