ಬೆಲ್ಟ್ ಕೆಟ್ಟರೆ ಯಾರನ್ನು ಬೈಯಬೇಕು?

ಕಳೆದ ಸೋಮವಾರ ನಮ್ಮ ಅಂಗಳದಲ್ಲಿ ಕಾರಿನ ಮುಂದೆ ಒಂದು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು ಮತ್ತು ಒಂದು ಸ್ಪ್ಯಾನರ್ ಸೆಟ್ ಇದ್ದವು. ಕಾಯಿ, ನಿಂಬೆಹಣ್ಣು ನಮ್ಮ ಅತ್ತೆಯವರದು. ಸ್ಪ್ಯಾನರ್ ನನ್ನದು.

ನಂಬಿಕೆ ಇಬ್ಬರಿಗೂ ಇತ್ತು. ಯಾವುದರ ಮೇಲೆ ಎನ್ನುವುದರಲ್ಲಿ ಸ್ವಲ್ಪ ವ್ಯತ್ಯಾಸ, ಅಷ್ಟೇ.

ವಿಷಯ ಇಷ್ಟು. ನನ್ನ ಹಳೆಯ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಿತ್ತು. ಅದನ್ನು ನಾನೇ ಬದಲಿಸುತ್ತೇನೆ ಎಂದು ಊಟಕ್ಕೆ ಕುಳಿತಾಗ ಹೇಳಿಬಿಟ್ಟಿದ್ದೆ. ನಮ್ಮ ಮನೆಯವರು (ನನ್ನ ಗಂಡ) ಮುರಿದ ರೊಟ್ಟಿ ಅವರ ಕೈಯಲ್ಲೇ ಉಳಿಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ (ಮೊನ್ನೆಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ). ಇಂಜಿನ್ನಿನ ಪಕ್ಕದಲ್ಲಿ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ ಇರುತ್ತದೆ. ಮೇಲಿನ ಗಾಲಿಯನ್ನೂ ಕೆಳಗಿನ ಗಾಲಿಯನ್ನೂ ಒಂದೇ ತಾಳಕ್ಕೆ ತಿರುಗಿಸುವುದು ಅದರ ಕೆಲಸ. ಅದು ತುಂಡಾದರೆ, ಇಲ್ಲವೇ ತಪ್ಪಾಗಿ ಕೂತರೆ, ಒಳಗಿನ ಭಾಗಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಅಲ್ಲಿಗೆ ಇಂಜಿನ್ ಗುಜರಿ. ಇನ್ನೂ ಕೆಟ್ಟದ್ದೆಂದರೆ ಈ ಬೆಲ್ಟ್ ಮುಂಚೆ ಒಂದು ಸದ್ದೂ ಮಾಡುವುದಿಲ್ಲ. ಚೆನ್ನಾಗಿ ಓಡುತ್ತ ಓಡುತ್ತಲೇ ಒಂದು ದಿನ ಪಟ್ ಎನ್ನುತ್ತದೆ.

ರೋಣದ ನನ್ನ ಹೊಲಿಗೆ ಅಂಗಡಿಯ ಬಗ್ಗೆ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದರ ಅರ್ಧ ಗಿರಾಕಿಗಳು ಹಳ್ಳಿಯವರು. ಅಸೂಟಿ, ಚಿಕ್ಕನರಗುಂದ, ಕೊಣ್ಣೂರು ಸುತ್ತಿ, ಮನೆಬಾಗಿಲಲ್ಲೇ ಅಳತೆ ತೆಗೆದುಕೊಂಡು, ಹೊಲಿದ ಜಂಪರು (ರವಿಕೆ) ಮುಟ್ಟಿಸಿ ಬರುವುದು ಈ ಕಾರಿನಲ್ಲೇ. ಬಟ್ಟೆಯ ಗಂಟು ಬಗಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವ ಬದುಕು ನನಗೆ ಮತ್ತೆ ಬೇಡ.

ಹಾಗಾದರೆ ಗ್ಯಾರೇಜಿಗೆ ಕೊಡಬಾರದಿತ್ತೇ? ಕೊಡಲೆಂದೇ ಹೋಗಿದ್ದೆ, ಗಜೇಂದ್ರಗಡಕ್ಕೆ. ನಮ್ಮ ಹಳೆಯ ಮೆಕ್ಯಾನಿಕ್ ಕೆಲಸ ಬಿಟ್ಟಿದ್ದರಿಂದ ಗ್ಯಾರೇಜು ಹೊಸದು, ಪರಿಚಯವಿಲ್ಲ. ಬೆಲ್ಟಿನ ಜೊತೆ ಅದನ್ನು ಬಿಗಿ ಹಿಡಿಯುವ ಬೇರಿಂಗನ್ನೂ ಬದಲಿಸುತ್ತೀರಾ ಎಂದು ಅಲ್ಲಿನ ಮೆಕ್ಯಾನಿಕನನ್ನು ಕೇಳಿದೆ. ನಿಂತು ನೋಡಬಹುದೇ ಎಂದೂ ಕೇಳಿದೆ.

"ನಿಮಗ ಅದೆಲ್ಲಾ ಯಾಕ್ರಿ ಅಕ್ಕಾರ? ಗಾಡಿ ಬಿಟ್ಟ್ ಹೋಗ್ರಿ, ಸಂಜೀಕ ಬರ್ರಿ."

ನನಗೆ ಸಿಟ್ಟು ಬಂತು. ನನ್ನ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವಾಗ ಹೆಂಗಸರು ನನ್ನ ತಲೆಯ ಮೇಲೇ ನಿಂತಿರುತ್ತಾರೆ. ತೋಳು ಇಷ್ಟಿರಲಿ, ಕೊರಳು ಅಷ್ಟಿರಲಿ ಎಂದು ಹೇಳುತ್ತಲೇ ಇರುತ್ತಾರೆ. ನಾನು ಎಂದಾದರೂ ಬೈದಿದ್ದೇನೆಯೇ? (ಬೈದಿದ್ದೇನೆ. ಆದರೆ ಸಂಜೆಗೆ ಬನ್ನಿ ಎಂದು ಹೊರಗೆ ಕಳಿಸಿಲ್ಲ.) ಗಾಡಿ ತಿರುಗಿಸಿಕೊಂಡು ಬಂದೆ. ರೋಣ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿತ್ತು.

ಆಮೇಲೆ ಬಿಡುವಾದಾಗಲೆಲ್ಲ ವಿಡಿಯೋ ನೋಡಿದೆ. ನೋಡನೋಡುತ್ತ ಧೈರ್ಯ ಬಂತು. ಹೊಲಿಗೆ ಯಂತ್ರದಲ್ಲೂ ಇದೇ ಕಥೆ ತಾನೇ? ಮೇಲಿಂದ ಸೂಜಿ ಇಳಿದಾಗ ಕೆಳಗಿನ ಕೊಕ್ಕೆ ಅದೇ ಗಳಿಗೆಗೆ ಬಂದು ದಾರ ಹಿಡಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಸೂಜಿ ಮುರಿಯುತ್ತದೆ. ಅದನ್ನು ಸರಿಮಾಡುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ಆದರೆ ಸೂಜಿ ಮುರಿದರೆ ಇನ್ನೊಂದು ಸೂಜಿ. ಇಂಜಿನ್ ಮುರಿದರೆ?

ಕಿರಾಣಿ ಅಂಗಡಿ ನಡೆಸುವ ನಮ್ಮ ಮನೆಯವರು ಕೇಳಿದ್ದೂ ಅದನ್ನೇ. "ಮೆಕ್ಯಾನಿಕ್ ಕೆಡಿಸಿದ್ರ ಅವಂಗ ಬೈಬಹುದು. ನೀ ಕೆಡಿಸಿದ್ರ ನಾ ಯಾರಿಗೆ ಬೈಲಿ? ಒಂದು ಮಾತು ಕೇಳು. ಇಂಜಿನ್ ಹೋತಂದ್ರ ಗಾಡಿ ಮಾರೋದ. ಮತ್ತ ರಿಪೇರಿ ಮಾಡಸಾಂಗಿಲ್ಲ."

ಒಪ್ಪಿಕೊಂಡೆ. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ನಾವು ಎಷ್ಟೋ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದು ನಮಗೆ ಬರುವುದಿಲ್ಲ ಎಂದೇ? ಅಥವಾ ಕೆಟ್ಟರೆ ಬೈಯಲು ಒಬ್ಬರಿರಲಿ ಎಂದೇ? ಸೋರುವ ಮಾಳಿಗೆಗೆ ಗೌಂಡಿ. ಉಪ್ಪಾದ ಸಾರಿಗೆ ಅಡುಗೆಯವರು. ಫೇಲಾದ ಮಗನಿಗೆ ಮಾಸ್ತರು. ಬಿಗಿಯಾದ ಜಂಪರಿಗೆ ನಾನು. (ನಡುವೆ ಮೈ ಬಂದದ್ದು ಯಾರಿಗೂ ನೆನಪಿರುವುದಿಲ್ಲ.)

ಸೋಮವಾರವೇ ಯಾಕೆ ಎಂದರೆ, ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಮನೆಯಲ್ಲಿ ಎತ್ತು ಹೋಗಿ ಕಾರು ಬಂದ ಮೇಲೆ ಅತ್ತೆಯವರು ಆ ರಜೆಯನ್ನು ಕಾರಿಗೆ ವರ್ಗಾಯಿಸಿದ್ದಾರೆ. ಹಾಗಾಗಿ ವಾರದಲ್ಲಿ ಅದು ಬಿಡುವಾಗಿರುವುದು ಅಂದು ಮಾತ್ರ.

"ಸೋಮಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಡಾಂಗಿಲ್ಲ. ನೀ ಅದರ ಹೊಟ್ಟೀನ ಬಿಚ್ತೀ ಏನವಾ?" ಎಂದರು ಅತ್ತೆಯವರು.

"ಸೋಮಾರ ಎತ್ತಿನ ಮೈ ತೊಳಿತಾರಲ್ರಿ ಅತ್ತಿ, ಇದೂ ಹಂಗ" ಎಂದೆ. ಅವರು ನಿಂಬೆಹಣ್ಣು ತರಲು ಒಳಗೆ ಹೋದರು.

ಜ್ಯಾಕ್ ಕೊಟ್ಟು ಕಾರೆತ್ತಿದೆ. ಚಕ್ರ ಬಿಚ್ಚಿದೆ. ಇಂಜಿನ್ನಿನ ಕೆಳಗಿನ ಗಾಲಿಯ ಬೋಲ್ಟ್ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸಿ ಅದರ ಮೇಲೆ ನಾನೇ ನಿಂತೆ. ಬಿಟ್ಟುಕೊಟ್ಟಿತು. (ನನ್ನ ತೂಕ ಹೇಳುವುದಿಲ್ಲ. ಟೇಲರಿಗೆ ಬೇರೆಯವರ ಅಳತೆ ಮಾತ್ರ ಗೊತ್ತಿರುತ್ತದೆ.)

ವಿಡಿಯೋದಲ್ಲಿ ಹೇಳಿದಂತೆ ಇಂಜಿನ್ನನ್ನು ತಿರುವಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದೆ. ಎರಡೂ ಗಾಲಿಗಳ ಮೇಲೆ ಕಂಪನಿಯ ಗುರುತು ಇರುತ್ತದಂತೆ. ಜಿಡ್ಡಿನಲ್ಲಿ ಕಾಣಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಬಟ್ಟೆಗೆ ಗೆರೆ ಹಾಕುವ ಚಾಕ್ ಸೊಂಟದಲ್ಲಿತ್ತು. ತೆಗೆದು ಬಿಳಿ ಗೆರೆ ಎಳೆದೆ. ಹಳೆಯ ಬೆಲ್ಟ್ ಕಳಚಿ, ಹೊಸದನ್ನು ತರಲು ಒಳಗೆ ಹೋದೆ.

ಬಂದು ನೋಡಿದರೆ, ಮಧ್ಯಾಹ್ನದ ಊಟಕ್ಕೆ ಬಂದ ನಮ್ಮ ಮನೆಯವರು ಇಂಜಿನ್ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಸೀಮೆಎಣ್ಣೆ ಅದ್ದಿದ ಅರಿವೆ. ಗಾಲಿಗಳು ಫಳಫಳ. ನನ್ನ ಗೆರೆಗಳು ಮಾಯ.

"ಭಾಳ ಹೊಲಸಾಗಿತ್ತು, ಒರಸೇನಿ" ಎಂದರು.

ನೋಡಿದಿರಾ, ಬೈಯಲು ಒಬ್ಬರು ತಾವಾಗಿಯೇ ಬಂದು ಕೂತಿದ್ದರು. ಇನ್ನು ಇಂಜಿನ್ ಹೋದರೂ ತಪ್ಪು ನನ್ನದಲ್ಲ. ಒಂದು ಗಳಿಗೆ ಎಷ್ಟು ಹಗುರ ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಬೈದರೆ ಗೆರೆ ಮರಳಿ ಬರುತ್ತದೆಯೇ? ಕಾರು ಉಳಿಯುತ್ತದೆಯೇ? ಎಣ್ಣೆ ಕುಡಿದ ಕಬ್ಬಿಣದ ಮೇಲೆ ಚಾಕ್ ಎಳೆದವಳು ನಾನು. ಬಣ್ಣ ಹಚ್ಚಬೇಕಿತ್ತು.

ಬೈಯಲಿಲ್ಲ. ಅರಿವೆ ಇಸಿದುಕೊಂಡು ಉಳಿದ ಜಿಡ್ಡನ್ನೂ ತಿಕ್ಕಿದೆ. ತಿಕ್ಕಿದ ಹಾಗೆ ಮೇಲಿನ ಗಾಲಿಯಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಕಂಡಿತು. ಕೆಳಗಿನದರಲ್ಲಿ ಇನ್ನೊಂದು. ಕಂಪನಿಯ ಗುರುತುಗಳು! ಕೆಳಗಿನದು ತನ್ನ ಜಾಗದಲ್ಲೇ ಇತ್ತು. ಮೇಲಿನದು ಬೆಲ್ಟ್ ಕಳಚುವಾಗಲೋ ಒರೆಸುವಾಗಲೋ ಒಂದು ಹಲ್ಲು ಆಚೆ ಸರಿದಿತ್ತು. ಮೆಲ್ಲಗೆ ತಂದು ಕೂಡಿಸಿದೆ. ಹೊಸ ಬೆಲ್ಟ್, ಹೊಸ ಬೇರಿಂಗ್ ಹಾಕಿದೆ. ಸ್ಪ್ಯಾನರಿನಿಂದ ಇಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುವಿದೆ. ಎಲ್ಲೂ ತಾಕಲಿಲ್ಲ. ಗುರುತುಗಳು ಮತ್ತೆ ತಮ್ಮ ಜಾಗಕ್ಕೇ ಬಂದವು.

ಬಿಚ್ಚಿದ್ದನ್ನೆಲ್ಲ ಜೋಡಿಸಿದ ಮೇಲೆ ನಮ್ಮ ಮನೆಯವರು ಕೈ ಚಾಚಿ, ಕೀಲಿ ನಾ ತಿರುವಲೇನು ಎಂದರು.

"ಬ್ಯಾಡ್ರಿ. ಕೆಟ್ರ ನನ್ನ ಕೈಯಾಗ ಕೆಡ್ಲಿ."

ತಿರುವಿದೆ. ಒಂದೇ ಸಲಕ್ಕೆ ಹಿಡಿಯಿತು. ಎಂದಿನ ಸದ್ದು, ಬೇರೇನೂ ಇಲ್ಲ. ನಾನು ಸ್ಟೇರಿಂಗಿಗೆ ಹಣೆಯಿಟ್ಟೆ. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ.

ಮಂಗಳವಾರ ಅತ್ತೆಯವರ ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿ ಕೊಣ್ಣೂರಿಗೆ ಹೋದೆ. ಹೊಳೆ ದಾಟಿ, ಜಂಪರು ಮುಟ್ಟಿಸಿ, ಸಂಜೆಗೆ ವಾಪಸ್ ಬಂದೆ. ದಾರಿಯಲ್ಲಿ ಕಿರಾಣಿ ಅಂಗಡಿ ಮುಂದೆ ನಿಲ್ಲಿಸಿದರೆ ಒಳಗೆ ನಮ್ಮ ಮನೆಯವರು ಗಿರಾಕಿಗೆ ಹೇಳುತ್ತಿದ್ದರು: "ಗ್ಯಾರೇಜ್ ಯಾಕ್ರಿ? ಬೆಲ್ಟ್ ನಾವ ಹಾಕಿದ್ವಿ, ಮನ್ಯಾಗ." ಮನೆಗೆ ಬಂದರೆ ಅತ್ತೆಯವರು ಪಕ್ಕದ ಮನೆಯವರಿಗೆ ನಿಂಬೆಹಣ್ಣಿನ ಮಹಿಮೆ ವಿವರಿಸುತ್ತಿದ್ದರು.

ಓಡಿದ ಬೆಲ್ಟಿಗೆ ಹೀಗೆ ಮೂವರು ವಾರಸುದಾರರು. ತುಂಡಾಗಿದ್ದರೆ ಎಷ್ಟು ಜನ ಇರುತ್ತಿದ್ದರು, ನೀವೇ ಹೇಳಿ.