ಮಾತಿಗೆ ಸೊನ್ನೆ ಅಂಕ

ಹೋದ ತಿಂಗಳು ಶಿಕಾರಿಪುರದ ಅಂಚೆ ಕಚೇರಿಯಲ್ಲಿ ಪಾರ್ಸಲ್ ಕಳಿಸಲು ಸಾಲಿನಲ್ಲಿ ನಿಂತಿದ್ದೆ. ಕೌಂಟರಿನ ಹೆಂಗಸು ಸ್ಟಾಂಪ್ ಪ್ಯಾಡಿನ ಮೇಲೆ ಸೀಲು ಒತ್ತಿ ನೋಡಿದರು. ಒಣಗಿಹೋಗಿತ್ತು. ಡ್ರಾಯರಿನಿಂದ ಶಾಯಿಯ ಪುಟ್ಟ ಸೀಸೆ ತೆಗೆದು ಪ್ಯಾಡಿನ ಮೇಲೆ ಸುರಿದರು. ಆ ನೇರಳೆ ಶಾಯಿಯ ವಾಸನೆ ಗಾಜಿನ ಈಚೆಗೂ ಬಂತು... ಹಿಂದಿದ್ದವರು "ಮುಂದ್ ಹೋಗ್ರೀ" ಎಂದು ಎರಡು ಸಲ ಹೇಳಬೇಕಾಯಿತಂತೆ. ನಾನಾಗಲೇ ಸೊರಬದಲ್ಲಿದ್ದೆ. ತಾಲ್ಲೂಕು ಕಚೇರಿಯ ಎದುರು, ತಗಡಿನ ಚಪ್ಪರದ ಕೆಳಗೆ, ರೈಟರ ಮೇಜಿನ ಮುಂದೆ.

ಎಲ್ಲರೂ ಅವರನ್ನು ರೈಟರು ಎಂದೇ ಕರೆಯುತ್ತಿದ್ದರು. ಓದು ಬಾರದವರಿಗೆ, ಬಂದರೂ ಸರ್ಕಾರದ ಕಾಗದ ಕಂಡರೆ ಗಾಬರಿಯಾಗುವವರಿಗೆ ಅರ್ಜಿ ಬರೆದುಕೊಡುವುದು ಅವರ ಕೆಲಸ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ವಿಧವಾ ವೇತನ, ಗಡಿ ತಕರಾರು, ಹೀಗೆ ಏನು ಬೇಕಾದರೂ. ಅರವತ್ತು ದಾಟಿದ ಸಣಕಲು ಆಳು. ಬಲಗೈಯ ನಡುಬೆರಳಲ್ಲಿ ಪೆನ್ನು ಒತ್ತಿ ಒತ್ತಿ ಒಂದು ಗಂಟು ಎದ್ದಿತ್ತು. ಮಾತು ಬಹಳ ಕಡಿಮೆ. ಎದುರು ಕೂತವರು ಅರ್ಧ ಗಂಟೆ ಗೋಳು ಹೇಳಿಕೊಂಡರೂ ಕೊನೆಗೆ "ಆತು" ಎಂದು ಒಂದೇ ಶಬ್ದ ಹೇಳಿ ಬರೆಯಲು ತೊಡಗುತ್ತಿದ್ದರು.

ನಾನಾಗ ಆ ಚಪ್ಪರದ ಎದುರಿನ ಕಟ್ಟಡದ ಮಹಡಿಯಲ್ಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ. ಶಿಕಾರಿಪುರದವಳಾದ ನನ್ನ ಮಾತನ್ನು ಸೊರಬದವರು ತಮಾಷೆ ಮಾಡುತ್ತಿದ್ದರು. ಮಾತಾಡಿಸುವವರು ಇದ್ದರು, ಮಾತಾಡಲು ಯಾರೂ ಇರಲಿಲ್ಲ.

ನನಗೊಂದು ಹುಚ್ಚಿತ್ತು. ಹಾಳೆ, ಪೆನ್ಸಿಲು, ದಾಳ ಇಟ್ಟುಕೊಂಡು ಆಡುವ ಕಥೆಯ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ "ನಾನು ಹೀಗೆ ಮಾಡುತ್ತೇನೆ" ಎಂದು ಹೇಳುತ್ತ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆಟಕ್ಕೆ ಮೊದಲು ಪಾತ್ರವನ್ನು ಕಟ್ಟಬೇಕು. ಇಷ್ಟು ಅಂಕ ಎಂದು ಕೊಟ್ಟಿರುತ್ತಾರೆ. ಬಲಕ್ಕೆ ಎಷ್ಟು, ಬುದ್ಧಿಗೆ ಎಷ್ಟು ಎಂದು ನೀವೇ ಹಂಚಬೇಕು. ಒಂದು ಕಡೆ ಹೆಚ್ಚು ಹಾಕಿದರೆ ಇನ್ನೊಂದು ಕಡೆ ಕೊರತೆ. ಬೇರೆ ಬೇರೆ ಊರಿನ ನಾಲ್ವರ ಜೊತೆ ಫೋನಿನಲ್ಲೇ ಎರಡು ವರ್ಷ ಆಡಿದ್ದೆ. ಒಬ್ಬರಿಗೆ ಮದುವೆಯಾಯಿತು, ಒಬ್ಬರಿಗೆ ಕೆಲಸ ಬದಲಾಯಿತು... ಗುಂಪು ತಾನಾಗಿ ಕರಗಿತು.

ಆಮೇಲೆ ನಾನೇ ಒಂದು ಆಟ ಮಾಡಬೇಕು, ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಆಡುವಂಥದ್ದು ಎಂಬ ಆಸೆ ಹತ್ತಿತು. ಹೊಸಬರಿಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಮೊದಲು ಚಿಕ್ಕದನ್ನು ಮಾಡಿ, ಕಾಗದದ ಮೇಲೆ ಮಾಡಿ, ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಆಡಿಸಿ ನೋಡಿ. ಕಾಗದದ ಮೇಲೆ ಮಾಡಿದೆ. ಹಳೆಯ ರಾಜ್ಯವೊಂದರಲ್ಲಿ ಓಲೆ ಹೊತ್ತು ಊರೂರು ತಿರುಗುವ ಓಲೆಕಾರನ ಕಥೆ. ಕುಬಟೂರಿನ ಹಳೆಯ ಗುಡಿಗಳ ಸುತ್ತ ಓಡಾಡಿ ಊರಿನ ನಕ್ಷೆ ಬರೆದುಕೊಂಡಿದ್ದೆ. ಆಡಿಸಲು ಮಾತ್ರ ಯಾರೂ ಸಿಗಲಿಲ್ಲ.

ಒಂದು ದಿನ ನನ್ನ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದಕ್ಕೆ ಅರ್ಜಿ ಬರೆಸಲು ರೈಟರ ಬಳಿ ಹೋದೆ. ಕೊಟ್ಟ ಕಾಗದಗಳ ನಡುವೆ ಆಟದ ಹಾಳೆಗಳೂ ಸೇರಿಕೊಂಡಿದ್ದವು. ಅವರು ಅದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದರು. ಕಾಗದ ಕೈಗೆ ಬಂದರೆ ಓದದೆ ಬಿಡುವ ಜಾತಿಯಲ್ಲ.

"ಇದು ಯಾವ ಇಲಾಖೆದು ಅಕ್ಕೋರೆ?" ಎಂದರು. ಪಾಠ ಹೇಳುವ ಹೆಂಗಸರೆಲ್ಲ ಅವರಿಗೆ ಅಕ್ಕೋರೇ.

"ಇಲಾಖೆ ಅಲ್ಲ ರೈಟ್ರೇ, ಆಟ," ಎಂದೆ ನಾಚಿಕೆಯಿಂದ.

"ಆಟನೇ ಆಗ್ಲಿ. ಏಳನೇ ಕಲಂನಲ್ಲಿ ತಾಳ್ಮೆ ಮೂರಕ್ಕಿಂತ ಕಮ್ಮಿ ಇದ್ದವನು ಎಲ್ಲೂ ಕಾಯಂಗಿಲ್ಲ ಅಂದೀರಿ. ಒಂಬತ್ತರಲ್ಲಿ ಎಲ್ರೂ ಅರಮನೆ ಬಾಗ್ಲಲ್ಲಿ ಕಾಯ್ಲೇಬೇಕು ಅಂದೀರಿ. ಅಂವ ಎಂತ ಮಾಡ್ಬೇಕು ಹಂಗಾರೆ? ವಾಪಸ್ ಮನೆಗೆ ಹೋಗ್ಬೇಕಾ?"

ಮೂರು ತಿಂಗಳಿಂದ ನೋಡುತ್ತಿದ್ದರೂ ನನಗೆ ಕಾಣದ ತಪ್ಪು ಅದು. ಅಲ್ಲೇ ಕುಳಿತು ಆಡುತ್ತೀರಾ ಎಂದು ಕೇಳಿಬಿಟ್ಟೆ. ಅವರು ಕಚೇರಿಯ ಕಡೆ ನೋಡಿದರು. ಊಟದ ಹೊತ್ತು, ಯಾರೂ ಇರಲಿಲ್ಲ. "ಆತು," ಎಂದರು.

ಹಾಗೆ ಶುರುವಾದದ್ದು ಎಂಟು ತಿಂಗಳು ನಡೆಯಿತು. ದಿನಾ ಮಧ್ಯಾಹ್ನ ನಾನು ಡಬ್ಬಿ ಹಿಡಿದು ಕೆಳಗಿಳಿಯುತ್ತಿದ್ದೆ. ಅವರು ರೊಟ್ಟಿ ಮುಗಿಸಿ ಮೇಜು ಒರೆಸಿ ಕಾಯುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ ಎಂಬುದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ನಾವು ನಮ್ಮ ವಿಷಯ ಮಾತಾಡುತ್ತಲೇ ಇರಲಿಲ್ಲ. ಓಲೆಕಾರನ ವಿಷಯ ಮಾತ್ರ.

ಅವರು ಕಟ್ಟಿದ ಪಾತ್ರ ಈಗಲೂ ಕಣ್ಣ ಮುಂದಿದೆ. ಇಪ್ಪತ್ತು ಅಂಕ ಕೊಟ್ಟಿದ್ದೆ. ಬಲಕ್ಕೆ ಎರಡು, ಚುರುಕಿಗೆ ಎರಡು, ತಾಳ್ಮೆಗೆ ಆರು, ಬರಹಕ್ಕೆ ಹತ್ತು. ಮಾತಿಗೆ ಸೊನ್ನೆ.

"ಇವನು ಮೊದಲನೇ ಊರೂ ದಾಟಲ್ಲ ರೈಟ್ರೇ. ಕಾವಲಿನವರನ್ನ ಮಾತಾಡಿ ಒಪ್ಪಿಸಬೇಕು," ಎಂದೆ.

"ಒಪ್ಪಿಸ್ಬೇಕು ಅಂತ ಮಾತ್ರ ಅದೆ. ಮಾತಾಡೇ ಒಪ್ಪಿಸ್ಬೇಕು ಅಂತ ಎಲ್ಲಿ ಬರ್ದೀರಿ?"

ಬರೆದಿರಲಿಲ್ಲ. ಅವರ ಓಲೆಕಾರ ಕಾವಲಿನವನಿಗೆ ಅರ್ಜಿ ಬರೆದುಕೊಟ್ಟ. ಅಂಬಿಗನಿಗೆ ಬರೆದುಕೊಟ್ಟ. ಕಾಡಿನಲ್ಲಿ ಅಡ್ಡಗಟ್ಟಿದ ಕಳ್ಳರಿಗೂ, "ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು..." ಎಂದು ಶುರು ಮಾಡಿದ. ನಾನು ನಕ್ಕು ನಕ್ಕು ಡಬ್ಬಿಯ ಮುಚ್ಚಳ ಬೀಳಿಸಿದೆ. ಅವರು ನಗಲಿಲ್ಲ, ಆದರೆ ಆ ಅರ್ಜಿಯನ್ನು ನಿಜಕ್ಕೂ ಬರೆದರು, ಅಂದವಾಗಿ, ಅಂಚು ಬಿಟ್ಟು. ಪ್ರತಿ ವಾರವೂ ನಾನು ನಿಯಮ ಬಿಗಿ ಮಾಡಿ ತರುತ್ತಿದ್ದೆ. ಅವರು ಇನ್ನೊಂದು ಕಿಂಡಿ ಹುಡುಕುತ್ತಿದ್ದರು. ಆಟ ಮಾಡುವುದು ಹೇಗೆಂದು ನನಗೆ ಕಲಿಸಿದ್ದು ಯಾವ ವಿಡಿಯೋನೂ ಅಲ್ಲ, ಅವರ ಆ ಕಿಂಡಿಗಳು.

ಪಾತ್ರದ ಹಾಳೆಯಲ್ಲಿ ಬಂಧುಗಳು ಎಂದೊಂದು ಜಾಗವಿತ್ತು. ಅಲ್ಲಿ ಅವರು ಬರೆದದ್ದು ಎರಡೇ ಶಬ್ದ: ತಂಗಿ ಒಬ್ಬಳು. ಕಥೆ ನಡೆಸುವವಳು ಅಂಥದ್ದನ್ನು ಬಿಡುತ್ತಾಳೆಯೇ? ಒಂದು ಮಧ್ಯಾಹ್ನ ಓಲೆಕಾರನನ್ನು ಅವನ ತಂಗಿಯ ಊರಿಗೆ ಕರೆತಂದೆ. ಮನೆಯ ಬಾಗಿಲು ತಟ್ಟಿಸಿದೆ. "ತಂಗಿ ಬಾಗಿಲು ತೆಗೆದಳು. ನಿನ್ನನ್ನೇ ನೋಡುತ್ತಾ ನಿಂತಿದ್ದಾಳೆ. ಏನು ಮಾಡುತ್ತೀ?" ಎಂದೆ.

ಅವರು ಪೆನ್ಸಿಲು ಕೆಳಗಿಟ್ಟರು.

"ಅರ್ಜಿ ಬರೀತೀರಾ?" ಎಂದೆ ತಮಾಷೆಯಾಗಿ.

"ಇಲ್ಲಿ ಬರ್ದು ಕೊಡಕ್ಕಾಗಲ್ಲ ಅಕ್ಕೋರೆ. ಅವಳಿಗೆ ಓದಕ್ಕೆ ಬರಲ್ಲ."

ದಾಳ ಮುಂದೆ ಸರಿಸಿದೆ. ಮುಟ್ಟಲಿಲ್ಲ. ಆಮೇಲೆ, ಕಚೇರಿಯ ಗೇಟಿನ ಕಡೆ ನೋಡುತ್ತ, ನಿಧಾನವಾಗಿ ಹೇಳಿದರು. ಅವರಿಗೊಬ್ಬ ತಂಗಿ, ತೊಗರ್ಸಿಗೆ ಕೊಟ್ಟವಳು. ಅಪ್ಪ ಬದುಕಿದ್ದಾಗ ಅವಳು ಜಮೀನಿನ ಹಕ್ಕು ಬಿಟ್ಟುಕೊಟ್ಟಂತೆ ಪತ್ರ ಬರೆಯಲು ಇವರಿಗೇ ಹೇಳಿದರು. ಮನೆಯಲ್ಲಿ ಓದಿದವರು ಇವರೊಬ್ಬರೇ. ಬರೆದರು. ಪಂಪ್‌ಸೆಟ್ಟಿಗೆ ಕರೆಂಟು ತೆಗೆದುಕೊಳ್ಳಲು ಒಪ್ಪಿಗೆ ಪತ್ರ ಎಂದು ಅವಳಿಗೆ ಓದಿ ಹೇಳಿದರು. ತಂಗಿಯ ಬೆರಳು ಹಿಡಿದು ಶಾಯಿಗೆ ಒತ್ತಿ ಹೆಬ್ಬೆಟ್ಟು ಹಾಕಿಸಿದರು. ಮುಂದೆ ಯಾವುದೋ ಕೆಲಸಕ್ಕೆ ಅವಳ ಗಂಡ ಪಹಣಿ ತೆಗೆಸಿದಾಗ ಗೊತ್ತಾಯಿತು. ಅವಳು ಬಂದು ಅಂಗಳದಲ್ಲಿ ನಿಂತು ಇವರ ಮುಖ ನೋಡಿದಳಂತೆ. ಬೈಯಲಿಲ್ಲ. ಹೊರಟುಹೋದಳು. ಮತ್ತೆ ಬರಲಿಲ್ಲ. ಇವರೂ ಹೋಗಲಿಲ್ಲ.

"ಎಂತ ಹೇಳದು ಅಂತ ಗೊತ್ತಾಗ್ಲಿಲ್ಲ," ಎಂದರು. ಅಷ್ಟರಲ್ಲಿ ಯಾರೋ ಅರ್ಜಿಗೆ ಬಂದರು. ಅವರು ಕಾಗದ ಎಳೆದುಕೊಂಡರು.

ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಆಟ ಮುಕ್ಕಾಲು ಮುಗಿದಿತ್ತು. ಪುಕ್ಕಟೆ ಸಿಗುವ ತಂತ್ರಾಂಶವೊಂದರಲ್ಲಿ ತಪ್ಪುತ್ತ ಒಪ್ಪುತ್ತ ಕಟ್ಟಿದ್ದೆ. ಊರುಗಳಿದ್ದವು, ಗುಡಿಗಳಿದ್ದವು, ಅರ್ಜಿ ಬರೆಯುವುದಿತ್ತು. ಆದರೆ ಜೀವವಿರಲಿಲ್ಲ. ಆ ಮಧ್ಯಾಹ್ನದ ಮೇಲೆ ನಾನು ಆ ಬಾಗಿಲಿನ ದೃಶ್ಯ ಬರೆದೆ. ತಂಗಿಯನ್ನು, ಸುಳ್ಳು ಓದಿ ಹೇಳಿದ ಪತ್ರವನ್ನು, ಹೆಬ್ಬೆಟ್ಟನ್ನು, "ಅವಳಿಗೆ ಓದಕ್ಕೆ ಬರಲ್ಲ" ಎಂಬ ಮಾತನ್ನು ಇದ್ದಂತೆಯೇ ಬರೆದೆ. ಇಡೀ ಆಟದಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಅವರಿಗೆ ಖುಷಿಯಾಗುತ್ತದೆ ಎಂದುಕೊಂಡೆ... ನಿಜ ಹೇಳಬೇಕೆಂದರೆ ಅವರ ಬಗ್ಗೆ ಯೋಚಿಸಲೇ ಇಲ್ಲ. ಯಾರು ಬೇಕಾದರೂ ತಮ್ಮ ಆಟ ಹಾಕಬಹುದಾದ ಜಾಲತಾಣವೊಂದಕ್ಕೆ ಏರಿಸಿದೆ. ಮಾರನೆಯ ದಿನ ಲ್ಯಾಪ್‌ಟಾಪ್ ಹಿಡಿದು ಕುಣಿಯುತ್ತ ಕೆಳಗಿಳಿದೆ.

ಅವರು ಒಂದೇ ಬೆರಳಿನಲ್ಲಿ ಗುಂಡಿ ಒತ್ತುತ್ತ ಆಡಿದರು. ಕಳ್ಳರು ಬರುವ ಕಡೆ ತಮ್ಮದೇ ಅರ್ಜಿ ಕಂಡು ಮೊದಲ ಬಾರಿಗೆ ನಕ್ಕರು. ಆಮೇಲೆ ಬಾಗಿಲು ಬಂತು. ಓದಿದರು. ಮತ್ತೊಮ್ಮೆ ಓದಿದರು.

"ಇದನ್ನ ಯಾರ್ಯಾರು ನೋಡ್ತಾರೆ?"

"ಯಾರು ಬೇಕಾದ್ರೂ ನೋಡಬಹುದು ರೈಟ್ರೇ. ನಿನ್ನೆನೇ ಹಾಕೀನಿ."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಸಿಟ್ಟಿರಲಿಲ್ಲ. ಅದೇ ಕಷ್ಟವಾದದ್ದು.

"ನಿಮ್ಮನ್ನ ಬೈಯಲ್ಲ ಅಕ್ಕೋರೆ. ನಾನು ಅವಳ ಬೆರಳು ಹಿಡ್ಕಂಡಾಗ್ಲೂ ನಂಗೆ ಕೆಟ್ಟ ಮನಸ್ಸು ಇರ್ಲಿಲ್ಲ."

ಮೆಟ್ಟಿಲು ಹತ್ತಿ ಮೇಲೆ ಹೋಗಿ ಆ ಆಟವನ್ನು ಆಗಲೇ ಅಳಿಸಿದೆ. ಸಂಜೆ ಬಂದು ಅಳಿಸಿದೆ ಎಂದು ಹೇಳಿದೆ. "ಆತು," ಎಂದರು. ಮಾರನೆಯ ದಿನ ಊಟದ ಹೊತ್ತಿಗೆ ಅವರ ಮೇಜಿನ ಮುಂದೆ ಯಾರೋ ಇದ್ದರು. ಅದರ ಮಾರನೆಯ ದಿನವೂ ಇದ್ದರು. ಆಮೇಲೆ ನಾನೇ ಇಳಿಯುವುದನ್ನು ಬಿಟ್ಟೆ. ಕಿಟಕಿಯಿಂದ ಅವರ ಬಗ್ಗಿದ ತಲೆ ಕಾಣುತ್ತಿತ್ತು. ಕೆಲವು ತಿಂಗಳಲ್ಲಿ ನನ್ನ ಕೇಂದ್ರ ಮುಚ್ಚಿತು. ಹೊರಡುವ ದಿನ ಹೇಳಿಹೋಗಲು ಚಪ್ಪರದವರೆಗೆ ಹೋದೆ. ಅವರು ಎದ್ದು ನಿಂತು ಕೈ ಮುಗಿದರು. ತಪ್ಪಾಯಿತು ಎಂದು ಒಂದು ಮಾತು ಹೇಳಬೇಕೆಂದು ಹೋಗಿದ್ದವಳು ನಾನೂ ಕೈ ಮುಗಿದು ಬಂದೆ.

ಶಿಕಾರಿಪುರಕ್ಕೆ ಮರಳಿ ನಾಲ್ಕು ವರ್ಷ. ಮನೆಯಿಂದಲೇ ಕೆಲಸ ಮಾಡುತ್ತ ಎರಡು ಚಿಕ್ಕ ಆಟ ಮಾಡಿದ್ದೇನೆ. ಕೆಲವರು ಆಡಿದ್ದಾರೆ. ಅಂಚೆ ಕಚೇರಿಯಿಂದ ಬಂದ ಮಾರನೆಯ ದಿನ ಸೊರಬದ ಬಸ್ಸು ಹತ್ತಿದೆ. ಈ ಸಲ ಕ್ಷಮೆ ಕೇಳಿಯೇ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಚಪ್ಪರದ ಕೆಳಗೆ ಅವರ ಜಾಗದಲ್ಲಿ ಯಾರದೋ ಬೈಕು ನಿಂತಿತ್ತು. ಪಕ್ಕದಲ್ಲಿ ಅರ್ಜಿ ಬರೆಯುವವರು, "ರೈಟ್ರು ತೀರ್ಕಂಡು ವರ್ಷದ ಮೇಲಾತಲ್ಲ. ನಿಮ್ಗೆ ಗೊತ್ತಿಲ್ವಾ?" ಎಂದರು. ಕೊನೆಕೊನೆಗೆ ಅವರು ಪ್ರತಿ ಭಾನುವಾರ ತೊಗರ್ಸಿಗೆ ಹೋಗುತ್ತಿದ್ದರು ಎಂದೂ ಹೇಳಿದರು.

ಮುಂದಿನ ಭಾನುವಾರ ನಾನೂ ಹೋದೆ. ತಂಗಿಯ ಮನೆ ಸುಲಭವಾಗಿ ಸಿಕ್ಕಿತು. ಜಗಲಿಯಲ್ಲಿ ಕೂತು ಅವರೆ ಬಿಡಿಸುತ್ತಿದ್ದ ಅಜ್ಜಿ. ಅಣ್ಣನದೇ ಮೂಗು.

"ಯಾರವ್ವಾ ನೀನು?"

"ಸೊರಬದಾಗೆ ನಿಮ್ಮಣ್ಣಾರ ಜೊತೆ ಆಟ ಆಡ್ತಿದ್ದೆ ಅಜ್ಜಿ."

"ಆಟ?" ಆಕೆ ಕೈ ನಿಲ್ಲಿಸಿದರು. "ನಮ್ಮಣ್ಣ? ಸಣ್ಣವನಿದ್ದಾಗೂ ಒಂದಿನ ಆಡಿದವನಲ್ಲ."

ಎಲ್ಲ ಹೇಳಿದೆ. ಓಲೆಕಾರ, ಅರ್ಜಿಗಳು, ಬಾಗಿಲು, ನಾನು ಮಾಡಿದ ತಪ್ಪು. ಅವರ ಬಗ್ಗೆ ಬರೆಯುತ್ತೇನೆ, ಬರೆಯಲೇ ಎಂದು ಕೇಳಿದೆ.

"ಬರಿ. ಆದ್ರೆ ಮೊದ್ಲು ನನಗೆ ಓದಿ ಹೇಳು. ಏನೂ ಬಿಡಬ್ಯಾಡ."

ನಿನ್ನೆ ಹೋಗಿ ಇದನ್ನು, ಇಲ್ಲಿಯವರೆಗೆ ಬರೆದದ್ದನ್ನು, ಒಂದಕ್ಷರ ಬಿಡದೆ ಓದಿದೆ. ಆಕೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದು ತಿದ್ದುಪಡಿ ಹೇಳಿದರು.

"ಪಂಪ್‌ಸೆಟ್ಟಿನ ಕಾಗದ ಅಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತವ್ವ. ಓದುವಾಗ ಒಂದ್ಸಲಾನೂ ನನ್ನ ಮುಖ ನೋಡ್ಲಿಲ್ಲ ಅಂವ. ಕೇಳಿದ್ರೆ ಕೊಡ್ತಿದ್ದೆ ನಾನು. ಇವತ್ತು ಹೇಳ್ತಾನ, ನಾಳೆ ಹೇಳ್ತಾನ ಅಂತ ಕಾಯ್ದೆ. ಕಡೀಗೆ ಬಂದ. ಆರು ಭಾನುವಾರ ಇಲ್ಲಿ ಬಾಗ್ಲಾಗೆ ನಿಂತು ನೀರು ಕುಡಿದು ಹೋದ. ಏಳನೇ ಸಲಕ್ಕೆ 'ನಂದು ತಪ್ಪಾತು' ಅಂದ. ಕುಂದ್ರು ಅಂದೆ."

"ಗೊತ್ತಿತ್ತು ಅಂತ ಅವರಿಗೆ ಹೇಳಿದ್ರಾ ಅಜ್ಜಿ?"

"ಇಲ್ಲವ್ವಾ," ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೇಳಾನ ಹೇಳಾನ ಅಂತಿದ್ದೆ... ಅಷ್ಟರಾಗೆ ಅವನೇ ಹೋದ."

ಬಸ್ಸಿನ ಹೊತ್ತಾಯಿತೆಂದು ಎದ್ದೆ. ರೈಟರಿಗೆಂದು ಜೋಡಿಸಿಕೊಂಡಿದ್ದ ಮಾತು ನನ್ನಲ್ಲೇ ಉಳಿದಿತ್ತು. ಶಿಕಾರಿಪುರ ಬರುವವರೆಗೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.