ಅಜ್ಜಿ ಮೀಯಿಸಿದ ಕಾರು

ಆ ಕಾರು ಕೆಂಪಗಿತ್ತೋ ಕಿತ್ತಳೆ ಬಣ್ಣದ್ದೋ, ಈಗ ಖಚಿತವಾಗಿ ಹೇಳಲಾರೆ. ನೀಲಿ ಎಂದು ನನ್ನ ತಮ್ಮ ವಾದಿಸುತ್ತಾನೆ. ಅವನಾಗ ತೊಟ್ಟಿಲು ಬಿಟ್ಟು ಇಳಿದಿದ್ದನಷ್ಟೆ, ಅವನ ಮಾತನ್ನೂ ನೆಚ್ಚುವಂತಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಇಷ್ಟು ವರ್ಷಗಳಾದ ಮೇಲೆ ಇಂಥದೊಂದು ಹೇಳಿಕೆಯನ್ನು ಬೇರೆ ಯಾರಾದರೂ ತಂದರೆ ಪುರಾವೆ ಎಲ್ಲಿ ಎಂದು ಕೇಳುತ್ತೇನೆ. ಆದರೆ ಎಲ್ಲಾದರೂ ಬೆಸುಗೆ ಹಾಕುವ ರಾಳದ ಹೊಗೆ ಮೂಗಿಗೆ ಬಿದ್ದರೆ ಸಾಕು, ಅದರ ಬೆನ್ನಿಗೇ ಕರ್ಪೂರ, ಒದ್ದೆ ಪಂಚೆ, ಎಳ್ಳು ಬೆರೆಸಿದ ಅನ್ನದ ವಾಸನೆ ಬರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳ, ಕಾಶಿಯ ಹನುಮಾನ್ ಘಾಟಿನ ನಮ್ಮ ಮನೆ ಆಗ ಕಣ್ಣೆದುರು ನಿಲ್ಲುತ್ತದೆ, ಯಾವ ಪುರಾವೆಯನ್ನೂ ಕೇಳದೆ.

ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ಕೆಳಗಿನ ಹಜಾರದಲ್ಲಿ ಯಾತ್ರಿಕರು, ಮೇಲೆ ನಾವು. ಅಪ್ಪನ ತಮ್ಮ ರಾಘು ಚಿಕ್ಕಪ್ಪನೂ ದಿನಾ ಬೆಳಿಗ್ಗೆ ಘಾಟಿಗೆ ಹೋಗಿ ಮಂತ್ರ ಹೇಳುತ್ತಿದ್ದ. ಉಚ್ಚಾರ ಅಪ್ಪನಿಗಿಂತ ಸ್ಪಷ್ಟ, ಮನಸ್ಸು ಮಾತ್ರ ಲಂಕಾ ಪೇಟೆಯ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ. ಅಲ್ಲಿಯವರು ಅವನಿಗೆ ಕೆಲಸ ಕೊಡಲು ಒಪ್ಪಿದ್ದರು. ಅಪ್ಪ ಕಳಿಸಲು ಒಪ್ಪಿರಲಿಲ್ಲ. ನಮ್ಮಂಥ ಮನೆಗಳಲ್ಲಿ ದಾನವಾಗಿ ಬಂದ ಪಂಚೆಗಳು ರಾಶಿ ಬೀಳುತ್ತವೆ, ಉಟ್ಟು ಮುಗಿಯುವುದಿಲ್ಲ. ಅವನ್ನು ಅಂಗಡಿಗೆ ಹಿಂದಿರುಗಿಸಿ ಮನೆಗೆ ಬೇಕಾದದ್ದನ್ನು ತರುವುದು ರೂಢಿ. ಒಂದು ಮಧ್ಯಾಹ್ನ ಚಿಕ್ಕಪ್ಪ ತನ್ನ ಪಾಲಿನ ಪಂಚೆಗಳನ್ನು ಬಗಲಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು, ಗೋದೌಲಿಯಾ ಆಚೆಯ ಗಲ್ಲಿಯ ಗುಜರಿ ಅಂಗಡಿಗೆ ಹೋದ. ಅಲ್ಲಿ ಹಳೆಯ ಫ್ಯಾನುಗಳ ನಡುವೆ ಆ ಜಪಾನಿ ಆಟಿಕೆ ಕಾರು ಮಗುಚಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಏರಿಯಲ್ ಮುರಿದ ರಿಮೋಟು. ಒಂದು ಚಕ್ರಕ್ಕೆ ಟೈರಿರಲಿಲ್ಲ. ಸ್ಪ್ರಿಂಗುಗಳು ತುಕ್ಕು ಹಿಡಿದಿದ್ದವು.

“ಗುರು, ಯೇ ಚಲೇಗೀ ನಹೀಂ. ಇಸೇ ಕಂಧಾ ದೇನಾ ಪಡೇಗಾ,” ಎಂದ ಅಂಗಡಿಯವನು. ಓಡುವ ಗಾಡಿಯಲ್ಲ, ಹೆಣದಂತೆ ಹೆಗಲು ಕೊಡಬೇಕು ಎಂದು.

“ದೇ ದೇಂಗೇ ಭಯ್ಯಾ. ಪಿಂಡ್ ಭೀ ಹಮ್ ಹೀ ಕರಾ ದೇಂಗೇ,” ಎಂದ ಚಿಕ್ಕಪ್ಪ. ಹೆಗಲೂ ನಮ್ಮದೇ, ಪಿಂಡವೂ ನಮ್ಮದೇ. ಅಂಗಡಿಯವನು ನಗುತ್ತಲೇ ಪಂಚೆ ಎಣಿಸಿಕೊಂಡ.

ಮನೆಯಲ್ಲಿ ಯಾರೂ ನಗಲಿಲ್ಲ. “ದಾನದ ಪಂಚೆ ಕೊಟ್ಟು ಆಟದ ಸಾಮಾನು ತಂದ್ಯೇನೋ?” ಎಂದರು ಅಪ್ಪ.

“ನೀನು ಕೊಟ್ಟು ಗೋಧಿ ತರ್ತೀಯಲ್ಲ, ಅಣ್ಣ.”

“ಆ ಗೋಧಿ ತಿಂದೇ ಈ ಕೊಬ್ಬು ನಿಂಗೆ.” ಅಪ್ಪ ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. “ಸರಿ. ಶಿವರಾತ್ರಿಯೊಳಗೆ ಓಡಿಸು. ಓಡಿದ್ರೆ ಲಂಕಾಕ್ಕೆ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಓಡ್ಲಿಲ್ವೋ, ಆ ಅಂಗಡಿ ಹೆಸರು ಈ ಮನೇಲಿ ಎತ್ತಕೂಡದು.”

ಚಿಕ್ಕಪ್ಪ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಕಾರನ್ನು ಬಿಚ್ಚಿದ. ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ, ಸೈಕಲ್ ಟ್ಯೂಬು ಕತ್ತರಿಸಿ ಟೈರು ಮಾಡಿದ, ರಿಮೋಟಿಗೆ ಛತ್ರಿಯ ಕಡ್ಡಿಯನ್ನೇ ಏರಿಯಲ್ ಆಗಿ ಬೆಸೆದ. ಮೋಟಾರಿಗೆ ನೇರವಾಗಿ ಸೆಲ್ ಮುಟ್ಟಿಸಿದರೆ ಚಕ್ರ ತಿರುಗುತ್ತಿತ್ತು. ರಿಮೋಟಿನ ಮಾತನ್ನು ಮಾತ್ರ ಕಾರು ಕೇಳುತ್ತಿರಲಿಲ್ಲ. ಹಿಂದೆ ಯಾವಾಗಲೋ ಒಳಗೇ ಸೆಲ್ಲುಗಳು ಸೋರಿ ಸರ್ಕ್ಯೂಟಿನ ತುಂಬ ಬಿಳಿ-ಹಸಿರು ಉಪ್ಪು ಕಟ್ಟಿತ್ತು. ಅದನ್ನು ಒಣ ಬ್ರಷ್ಷಿನಿಂದ ಕೆರೆಯುತ್ತ, “ಅತ್ತಿಗೆ, ಯಾರೂ ಇದಕ್ಕೆ ಪಾನಿ ತಾಗಿಸ್ಬೇಡಿ, ಖತಂ ಆಗ್ಬಿಡತ್ತೆ,” ಎಂದು ಅಮ್ಮನಿಗೆ ದಿನಾ ಹೇಳುತ್ತಿದ್ದ.

ಅಜ್ಜಿ ಅದನ್ನು ಕೇಳಿಸಿಕೊಂಡಿದ್ದಳೋ ಇಲ್ಲವೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅಪ್ಪ, ಚಿಕ್ಕಪ್ಪ ಘಾಟಿನಿಂದ ಬಂದು ನೋಡಿದರೆ ಕಾರು ತುಳಸಿ ಕುಂಡದ ಪಕ್ಕ ತೊಟ್ಟಿಕ್ಕುತ್ತಿತ್ತು. ಹೊರಗಿನಿಂದ ಬಂದ ವಸ್ತುವಿಗೆ ಗಂಗೆ ಚಿಮುಕಿಸಿ ಒಳಗಿಡುವುದು ನಮ್ಮ ಮನೆಯ ಪದ್ಧತಿ. ಅಜ್ಜಿ ಚಿಮುಕಿಸಿರಲಿಲ್ಲ, ಗಂಗಾಜಲದ ತಾಮ್ರದ ಹಂಡೆಯಲ್ಲಿ ಪೂರ್ತಿ ಅದ್ದಿದ್ದಳು.

“ಯಾರ ಮನೆ ಮೈಲಿಗೆಯೋ ಏನೋ. ಕಾಶಿಗೆ ಬಂದ ಮೇಲೆ ಅದಕ್ಕೂ ಒಂದು ಮುಳುಗು ಬೇಡ್ವೇನೋ?” ಎಂದಳು.

“ಅಮ್ಮಾ, ಕೊಂದ್ಹಾಕ್ಬಿಟ್ಯಲ್ಲೇ!”

“ಕಾಶೀಲಿ ಸತ್ರೆ ಮುಕ್ತಿ ಕಣೋ.”

ಚಿಕ್ಕಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. ಅಪ್ಪ ಒಳಗೆ ಹೋದರು. ಅವರಿಗೂ ಹೀಗೆ ಗೆಲ್ಲುವುದು ಬೇಕಿರಲಿಲ್ಲವೆಂದು ನನ್ನ ಊಹೆ. ಆಮೇಲೆ ಚಿಕ್ಕಪ್ಪ ಎದ್ದು, ಅಜ್ಜಿಯ ಸಂಡಿಗೆಯ ಪಕ್ಕದಲ್ಲೇ ಕಾರಿನ ಭಾಗಗಳನ್ನು ಬಿಸಿಲಿಗೆ ಹರವಿದ. ಕೋತಿಗಳನ್ನು ಓಡಿಸುತ್ತ ಎರಡಕ್ಕೂ ನಾನೇ ಕಾವಲು ಕೂತೆ.

ಶಿವರಾತ್ರಿಯ ಮಧ್ಯಾಹ್ನ, ದಾವಣಗೆರೆಯ ಯಾತ್ರಿಕರು ಉಪವಾಸದ ಮಂಪರಿನಲ್ಲಿದ್ದಾಗ, ಚಿಕ್ಕಪ್ಪ ಹಜಾರದ ಬಾಗಿಲಲ್ಲಿ ಕಾರನ್ನಿಟ್ಟು ರಿಮೋಟಿನ ಗುಂಡಿ ಒತ್ತಿದ. ಅದು ಒಮ್ಮೆ ನಡುಗಿ ಓಡತೊಡಗಿತು. ಇಡೀ ಹಜಾರವನ್ನು ದಾಟಿ ಓಡಿತೆಂದು ನನ್ನ ನೆನಪು. ಬಹುಶಃ ಅರ್ಧ ದಾಟಿರಬಹುದು. “ಅಯ್ಯೋ, ಹೆಗ್ಗಣ!” ಎಂದು ಒಬ್ಬ ಹೆಂಗಸು ಹಾಸಿಗೆ ಸಮೇತ ಎದ್ದು ನಿಂತದ್ದಂತೂ ನಿಜ. ಅಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮರುದಿನ ಶಾಲು ಹೊದ್ದು, “ನಡಿಯಪ್ಪಾ, ರೇಡಿಯೊ ಮಿಸ್ತ್ರಿ,” ಎಂದು ತಮ್ಮನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟರು. “ಗಂಗಮ್ಮ ಕೈ ಬಿಡ್ಲಿಲ್ಲ ನೋಡು,” ಎನ್ನುತ್ತ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಬೆಳಗಿನ ಹೊತ್ತು ಮೆಟ್ಟಿಲಿಳಿಯುವ ಸಪ್ಪಳ ಅಪ್ಪನೊಬ್ಬರದೇ ಆಯಿತು.

ಅಜ್ಜಿ ಹೋದಳು, ಅಪ್ಪನೂ ಹೋದರು. ಆ ಮನೆ ಈಗ ಲಾಡ್ಜ್. ಹಜಾರಕ್ಕೆ ಗೋಡೆಗಳೆದ್ದು ಕೋಣೆಗಳಾಗಿವೆ. ಓದಿನ ಸೊಕ್ಕು ತಲೆಗೇರಿದ್ದ ದಿನಗಳಲ್ಲಿ ನಾನು ಗಂಗಮ್ಮನ ಪವಾಡವನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ನನ್ನದೇ ಒಂದು ಕಥೆ ಇಟ್ಟಿದ್ದೆ: ಕಿರಿಯ ಮಗ ಮನೆ ಬಿಟ್ಟು ಹೋಗದಿರಲೆಂದು ಅಜ್ಜಿ ಬೇಕೆಂದೇ ಕಾರನ್ನು ಮುಳುಗಿಸಿದಳು, ಅದು ಹೇಗೋ ಬದುಕಿಕೊಂಡಿತು. ಅವಳ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಲು ಈಗ ದಾರಿಯಿಲ್ಲ. ಪರೀಕ್ಷಿಸಬಹುದಾದದ್ದು ಒಂದೇ ಉಳಿದಿತ್ತು, ಆ ಮುಳುಗು ಕಾರಿಗೆ ಏನು ಮಾಡಿತ್ತು ಎಂಬುದು; ಅದನ್ನು ಪರೀಕ್ಷಿಸಿದೆ. ಸೆಲ್ ಸೋರಿ ಕೆಟ್ಟಿದ್ದ ಟೀವಿಯ ರಿಮೋಟನ್ನು ಬಿಚ್ಚಿ, ಈಗ ನಾನಿರುವ ಮೈಸೂರಿನ ಮನೆಯ ಬಕೆಟ್ಟಿನಲ್ಲಿ ಅದ್ದಿ ತೆಗೆದು, ಪೂರ್ತಿ ಒಣಗುವವರೆಗೆ ಬಿಸಿಲಿಗಿಟ್ಟೆ. ನೀರಿನಲ್ಲಿ ಆ ಉಪ್ಪು ಕರಗುತ್ತದೆ. ಒಣ ಬ್ರಷ್ಷಿಗೆ ಬಿಡದ್ದು ನಲ್ಲಿಯ ನೀರಿಗೆ ಬಿಟ್ಟಿತು. ರಿಮೋಟು ಕೆಲಸ ಮಾಡಿತು.